387 ಅರ್ಜಿ ಬಂದವು, ವಿಎಂಸಿ ಆಪರೇಟರ್ ಸಿಗಲಿಲ್ಲ. ತಪ್ಪು ಸಾಫ್ಟ್‌ವೇರಿನದೋ, ನಮ್ಮದೋ?

ಪೀಣ್ಯ ಎಚ್‌ಆರ್ · ಸೋಮವಾರ, ಬೆಳಗ್ಗೆ 10:12

ಎಲ್ಲರಿಗೂ ನಮಸ್ಕಾರ. ಪೀಣ್ಯ 2ನೇ ಹಂತದ ಒಂದು ಕಾಂಪೊನೆಂಟ್ ಫ್ಯಾಕ್ಟರಿಯಲ್ಲಿ ಎಚ್‌ಆರ್ ಆಗಿದ್ದೇನೆ. ನಮ್ಮಲ್ಲಿ 140 ಜನ ಕೆಲಸ ಮಾಡುತ್ತಾರೆ. ಎಚ್‌ಆರ್ ಅಂದರೆ ನಾನೊಬ್ಬಳೇ, ಜೊತೆಗೆ ಹಾಜರಾತಿ ನೋಡುವ ಒಬ್ಬ ಹುಡುಗ.

ಎಂಟು ತಿಂಗಳ ಹಿಂದೆ ರಿಕ್ರೂಟ್‌ಮೆಂಟ್ ಸಾಫ್ಟ್‌ವೇರ್ ತೆಗೆದುಕೊಂಡೆವು. ಅದಕ್ಕೆ ಮುಂಚೆ ಎಲ್ಲ ಎಕ್ಸೆಲ್, ವಾಟ್ಸಾಪ್ ಮತ್ತು ಗೇಟಿನ ಬೋರ್ಡು. ಈಗ ಒಂದು ಕಡೆ ಜಾಹೀರಾತು ಹಾಕಿದರೆ ನಾಲ್ಕು ಜಾಬ್ ಸೈಟಿಗೆ ಹೋಗುತ್ತದೆ. ಅರ್ಜಿಗಳೆಲ್ಲ ಒಂದೇ ಕಡೆ ಬಂದು ಬೀಳುತ್ತವೆ. ನೂರಕ್ಕೆ ಇಷ್ಟು ಅಂತ ಅಂಕ ಹಾಕಿ ಜೋಡಿಸಿಯೂ ಕೊಡುತ್ತದೆ. ನನಗಂತೂ ತುಂಬಾ ಖುಷಿಯಾಗಿತ್ತು.

ಈಗ ಆರು ಜನ ವಿಎಂಸಿ (ಲೋಹ ಕೊರೆಯುವ ಕಂಪ್ಯೂಟರ್ ನಿಯಂತ್ರಿತ ಮೆಷಿನ್) ಆಪರೇಟರ್ ಬೇಕು, ಇಬ್ಬರು ಕ್ವಾಲಿಟಿ ಇನ್‌ಸ್ಪೆಕ್ಟರ್ ಬೇಕು. ಆರು ವಾರದಲ್ಲಿ 387 ಅರ್ಜಿ ಬಂದವು. ಸಾಫ್ಟ್‌ವೇರ್ ಆರಿಸಿದ್ದು 19. ಫೋನ್ ಎತ್ತಿದವರು 11. ಬರುತ್ತೇನೆ ಅಂದವರು 7, ಬಂದವರು 4. ಒಬ್ಬ ಸೇರಿದ, ಹನ್ನೊಂದನೇ ದಿನಕ್ಕೆ ಬಿಟ್ಟುಹೋದ.

ಮೊನ್ನೆ ಶುಕ್ರವಾರ ನಮ್ಮ ಕ್ಯಾಂಟೀನ್ ಅಕ್ಕ ಪಕ್ಕದ ಮನೆ ಹುಡುಗನನ್ನು ಕರೆದುಕೊಂಡು ಬಂದರು. ಐಟಿಐ ಮೆಷಿನಿಸ್ಟ್, ಐದು ವರ್ಷ ಅನುಭವ. ಪ್ರೊಡಕ್ಷನ್ ಮ್ಯಾನೇಜರ್ ಅವನನ್ನು ಸೀದಾ ಮೆಷಿನ್ ಮುಂದೆ ನಿಲ್ಲಿಸಿದರು. ಜಾಬ್ ಕಟ್ಟಿದ, ಜಿ54 (ಅಳತೆ ಶುರುವಾಗುವ ಝೀರೋ ಜಾಗ) ಸೆಟ್ ಮಾಡಿದ, ಟೂಲ್ ಆಫ್‌ಸೆಟ್ ತೆಗೆದುಕೊಂಡ, ಮೊದಲ ಪೀಸ್ ಹೊಡೆದ. ಅಳೆಯುವ ಮುಂಚೆ ಪೀಸನ್ನು ಬಟ್ಟೆಯಲ್ಲಿ ಒರೆಸಿ, ಮೈಕ್ರೋಮೀಟರಿನ ಝೀರೋ ಸರಿ ಇದೆಯಾ ಅಂತ ನೋಡಿಕೊಂಡ. ಅಷ್ಟು ನೋಡಿಯೇ ಮ್ಯಾನೇಜರ್ "ಇವನು ಬೇಕು" ಅಂದರು.

ಆಮೇಲೆ ಸಾಫ್ಟ್‌ವೇರಿನಲ್ಲಿ ಅವನ ಹೆಸರು ಹಾಕಿ ನೋಡಿದೆ. ಆ ಹುಡುಗ ನಮಗೆ ಮೂರು ಸಲ ಅರ್ಜಿ ಹಾಕಿದ್ದಾನೆ! ಮೂರು ಸಲವೂ ರಿಜೆಕ್ಟ್. ಬೆಣ್ಣೆ ಕೈಯಲ್ಲಿ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು. ಇನ್ನೂ ಎಷ್ಟು ಜನ ಹೀಗೆ ಹೋದರೋ ಅನ್ನುವ ಯೋಚನೆಯಲ್ಲಿ ನಿದ್ದೆ ಬಂದಿಲ್ಲ. ನೀವೆಲ್ಲ ಇದನ್ನು ಹೇಗೆ ಬಳಸುತ್ತೀರಿ? ನಾನು ಎಲ್ಲಿ ತಪ್ಪಿದೆ?

ಜೆಪಿ ನಗರ ರಿಕ್ರೂಟರ್ · 10:31

ಏನಂತ ಹುಡುಕಿದಿರಿ? ಸರ್ಚಿನಲ್ಲಿ ಹಾಕಿದ ಪದಗಳನ್ನು ಹಾಗೆಯೇ ಇಲ್ಲಿ ಬರೆಯಿರಿ.

ಪೀಣ್ಯ ಎಚ್‌ಆರ್ · 10:34

"ವಿಎಂಸಿ ಆಪರೇಟರ್" ಆಂಡ್ "ಫನೂಕ್" ಆಂಡ್ "ಡಿಪ್ಲೊಮಾ". ಅಂಕ 70ಕ್ಕಿಂತ ಮೇಲೆ. ಫನೂಕ್ ಅಂದರೆ ಮೆಷಿನ್ ನಡೆಸುವ ಕಂಟ್ರೋಲರಿನ ಬ್ರಾಂಡ್.

ಜೆಪಿ ನಗರ ರಿಕ್ರೂಟರ್ · 10:52

ಅಲ್ಲೇ ಅರ್ಧ ಜನ ಹೋದರು ನೋಡಿ. ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

"ಆಂಡ್" ಹಾಕಿದಷ್ಟೂ ಬಾಗಿಲು ಕಿರಿದಾಗುತ್ತದೆ. ಮೂರು ಪದವೂ ಇರುವ ರೆಸ್ಯೂಮೆ ಮಾತ್ರ ಬರುತ್ತದೆ. ಜೊತೆಗೆ ಕೋಟ್ಸ್ ಹಾಕಿದ್ದೀರಿ. ಅಂದರೆ ಆ ಎರಡು ಪದ ಅದೇ ಸಾಲಾಗಿ, ಅದೇ ಸ್ಪೆಲ್ಲಿಂಗಿನಲ್ಲಿ ಇರಬೇಕು. ಒಬ್ಬ "ವಿಎಂಸಿ ಮೆಷಿನ್ ಆಪರೇಟಿಂಗ್" ಅಂತ ಬರೆದಿದ್ದರೆ ಬರುವುದಿಲ್ಲ. ಇನ್ನೊಬ್ಬ "ವರ್ಟಿಕಲ್ ಮೆಷಿನಿಂಗ್ ಸೆಂಟರ್" ಅಂತ ಬರೆದಿರುತ್ತಾನೆ, ಮತ್ತೊಬ್ಬ "ಸಿಎನ್‌ಸಿ ಮಿಲ್ಲಿಂಗ್" ಅಂತ. ಮೂವರೂ ಮಾಡುವುದು ಒಂದೇ ಕೆಲಸ, ಅಲ್ವಾ? ಹಾಗಾಗಿ ಇವನ್ನೆಲ್ಲ ಬ್ರಾಕೆಟ್ ಒಳಗೆ "ಆರ್" ಹಾಕಿ ಸೇರಿಸಿ. ಕಂಟ್ರೋಲರಿಗೂ ಹಾಗೆಯೇ: ಫನೂಕ್ ಆರ್ ಸೀಮೆನ್ಸ್ ಆರ್ ಮಿತ್ಸುಬಿಷಿ. ಫನೂಕ್ ಬಲ್ಲವನು ಸೀಮೆನ್ಸ್ ಕಲಿಯಲು ವರ್ಷ ಬೇಕಾಗಿಲ್ಲ.

ಹುಡುಕುವ ಮುಂಚೆ ನಿಮ್ಮಲ್ಲಿ ಈಗಿರುವ ಒಳ್ಳೆಯ ಆಪರೇಟರ್‌ಗಳ ಹಳೇ ರೆಸ್ಯೂಮೆ ತೆಗೆದು ಓದಿ. ಅವರು ತಮ್ಮ ಕೆಲಸವನ್ನು ಏನಂತ ಕರೆದಿದ್ದಾರೋ ಅವೇ ನಿಮ್ಮ ಸರ್ಚ್ ಪದಗಳು.

ಟೂಲ್‌ರೂಂ ಮೇಷ್ಟ್ರು · 11:20

ಎಲ್ಲ ಓದಿದೆ. ಕೋಪ ಬಂತು, ಕ್ಷಮಿಸಿ. ಕ್ಯಾಂಟೀನ್ ಅಕ್ಕ ಹತ್ತು ನಿಮಿಷದಲ್ಲಿ ಮಾಡಿದ ಕೆಲಸಕ್ಕೆ ವರ್ಷಕ್ಕೆ ಅಷ್ಟು ದುಡ್ಡು ಕೊಟ್ಟು ಸಾಫ್ಟ್‌ವೇರ್ ಯಾಕೆ?

ನಾನು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿತವನು. ನಮ್ಮನ್ನು ಕಾಗದ ನೋಡಿ ತೆಗೆದುಕೊಳ್ಳಲಿಲ್ಲ. ಒಂದು ಎಂಎಸ್ (ಮೈಲ್ಡ್ ಸ್ಟೀಲ್) ತುಂಡು, ಒಂದು ಅರ, ಒಂದು ರೈಟ್ ಆಂಗಲ್ ಕೊಟ್ಟು ಚೌಕ ಮಾಡು ಅಂದರು. ಬೆಳಕಿಗೆ ಹಿಡಿದು ನೋಡುತ್ತಿದ್ದರು. ಸಂದಿಯಲ್ಲಿ ಬೆಳಕು ತೂರಿದರೆ ಮತ್ತೆ ಅರ ಹಿಡಿ. ನೀವು ಪೀಣ್ಯದಲ್ಲೇ ಇದ್ದೀರಿ. ಎನ್‌ಟಿಟಿಎಫ್ ನಿಮ್ಮ ಪಕ್ಕದಲ್ಲೇ ಇದೆ, ಟೂಲ್ ಕೆಲಸ ಕಲಿಸುವ ಸಂಸ್ಥೆ. ರಾಜಾಜಿನಗರದಲ್ಲಿ ಸರ್ಕಾರಿ ಟೂಲ್ ತರಬೇತಿ ಕೇಂದ್ರ ಜಿಟಿಟಿಸಿ ಇದೆ, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದದ್ದು. ಒಂದು ಸಲ ಹೋಗಿ ಪ್ರಿನ್ಸಿಪಾಲರ ಹತ್ತಿರ ಕೂತು ಮಾತಾಡಿ ಬನ್ನಿ. ಕಂಪ್ಯೂಟರ್ ಮುಂದೆ ಕೂತು ಆಪರೇಟರ್ ಹುಡುಕುವುದು ನನಗೆ ಒಪ್ಪಿಗೆಯಿಲ್ಲ.

ಜೆಪಿ ನಗರ ರಿಕ್ರೂಟರ್ · 11:28

ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ. ಜಿಟಿಟಿಸಿ, ಎನ್‌ಟಿಟಿಎಫ್ ಹುಡುಗರನ್ನು ಕೋರ್ಸ್ ಮುಗಿಯುವ ಮುಂಚೆಯೇ ದೊಡ್ಡ ಕಂಪನಿಗಳು ಎತ್ತಿಕೊಂಡು ಹೋಗುತ್ತವೆ. 140 ಜನರ ಫ್ಯಾಕ್ಟರಿಗೆ ಎಷ್ಟು ಜನ ಉಳಿಯುತ್ತಾರೆ? ಮತ್ತೆ ಕ್ಯಾಂಟೀನ್ ಅಕ್ಕನಿಗೆ ಗೊತ್ತಿರುವುದು ಅವರ ಬೀದಿಯ ಹುಡುಗರು ಮಾತ್ರ. ಪರಿಚಯದವರನ್ನೇ ತೆಗೆದುಕೊಂಡರೆ ಪರಿಚಯ ಇಲ್ಲದವನು ಎಲ್ಲಿಗೆ ಹೋಗಬೇಕು? 387 ಜನರಿಗೂ ಒಂದೇ ಬಾಗಿಲು ಇಡುವುದು ಸಾಫ್ಟ್‌ವೇರಿನಿಂದ ಮಾತ್ರ ಸಾಧ್ಯ.

ತುಮಕೂರು ಎಕ್ಸ್‌ಪ್ರೆಸ್ · 11:45

ಆ ಪರಿಚಯ ಇಲ್ಲದವನು ನಾನೇ. ನಾಲ್ಕು ತಿಂಗಳಿಂದ ಅರ್ಜಿ ಹಾಕುತ್ತಿದ್ದೇನೆ. ಐಟಿಐ ಟರ್ನರ್. ಮೂರು ವರ್ಷ ಸಿಎನ್‌ಸಿ ಲೇತ್, ಎರಡು ವರ್ಷ ವಿಎಂಸಿ. ಹಳೇ ಕಂಪನಿ ಮುಚ್ಚಿತು.

ಈ ಸೈಟ್‌ಗಳಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ. ಮೊದಲು ರೆಸ್ಯೂಮೆ ಹಾಕು ಅನ್ನುತ್ತದೆ. ಹಾಕಿದ ಮೇಲೆ ಅದರಲ್ಲಿ ಇರುವುದನ್ನೇ ಮತ್ತೆ ಒಂದೊಂದಾಗಿ ಟೈಪ್ ಮಾಡು ಅನ್ನುತ್ತದೆ. ಫೋನಿನಲ್ಲಿ ಮುಕ್ಕಾಲು ಗಂಟೆ. ಸರ್‌ನೇಮ್ ಕಡ್ಡಾಯ. ನನಗೆ ಸರ್‌ನೇಮ್ ಇಲ್ಲ, ಅಪ್ಪನ ಹೆಸರಿನ ಇನಿಷಿಯಲ್ ಇದೆ ಅಷ್ಟೇ. ಒಂದಕ್ಷರ ಹಾಕಿದರೆ ತಗೊಳ್ಳಲ್ಲ. ಅದಕ್ಕೆ ಒಂದು ಕಡೆ ಊರ ಹೆಸರು ಹಾಕಿದೆ, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು ಹಾಕಿದೆ. ಈಗ ಮಾರ್ಕ್ಸ್ ಕಾರ್ಡಿನ ಹೆಸರಿಗೂ ಅದಕ್ಕೂ ತಾಳೆಯಾಗಲ್ಲ ಅಂತ ಒಬ್ಬರು ವಾಪಸ್ ಕಳಿಸಿದರು.

ಒಂದು ಸಲ ರಾತ್ರಿ 2:13ಕ್ಕೆ ರಿಜೆಕ್ಟ್ ಮೇಲ್ ಬಂತು. ಅರ್ಜಿ ಹಾಕಿದ್ದು 2:11ಕ್ಕೆ. ಎರಡು ನಿಮಿಷ. ಯಾರೂ ಓದಿಲ್ಲ ಅಂತ ಗೊತ್ತಾಯಿತು.

ಮಲ್ಲೇಶ್ವರ 8ನೇ ಕ್ರಾಸ್ · 11:51

ಓದಿ ಬೇಜಾರಾಯಿತು ತಮ್ಮಾ. ಸರ್‌ನೇಮ್ ಕಾಟ ನಮ್ಮ ಮನೆಯಲ್ಲೂ ಇದೆ. ಮಗಳ ಪಾಸ್‌ಪೋರ್ಟಿನಲ್ಲಿ ಒಂದು, ಡಿಗ್ರಿಯಲ್ಲಿ ಒಂದು.

ಪಾರ್ಸರ್ ಬರೆದವ · ಮಧ್ಯಾಹ್ನ 12:40

ಇಂಥದೇ ಒಂದು ಸಾಫ್ಟ್‌ವೇರಿನಲ್ಲಿ ರೆಸ್ಯೂಮೆ ಓದುವ ಭಾಗಕ್ಕೆ ಮೂರು ವರ್ಷ ಕೋಡ್ ಬರೆದಿದ್ದೇನೆ. ಒಳಗೆ ಏನು ನಡೆಯುತ್ತದೆ ಅಂತ ಹೇಳಿದರೆ ಉಪಯೋಗ ಆಗಬಹುದು.

ಪಾರ್ಸರ್ ಮಾಡುವುದು ಇಷ್ಟೇ. ರೆಸ್ಯೂಮೆಯಿಂದ ಅಕ್ಷರ ಹೊರಗೆ ತೆಗೆದು, ಇದು ಹೆಸರು, ಇದು ಫೋನ್, ಇದು ಕಂಪನಿ ಅಂತ ಡಬ್ಬಿಗಳಿಗೆ ತುಂಬುವುದು. ಎರಡು ಕಾಲಂ ರೆಸ್ಯೂಮೆ ಬಂದರೆ ಎಷ್ಟೋ ಪಾರ್ಸರ್ ಎಡದ ಸಾಲು, ಬಲದ ಸಾಲು ಸೇರಿಸಿ ಓದಿಬಿಡುತ್ತವೆ. ಟೇಬಲ್ ಒಳಗಿನದು ಕಲಸಿಹೋಗುತ್ತದೆ. ಫೋನ್ ನಂಬರ್ ಹೆಡರಿನಲ್ಲಿ ಇದ್ದರೆ ಕೆಲವು ಸಲ ಸಿಗುವುದೇ ಇಲ್ಲ. ಕಾಗದದ ಫೋಟೋ ತೆಗೆದು ಪಿಡಿಎಫ್ ಮಾಡಿದ್ದರೆ ಅದರಲ್ಲಿ ಅಕ್ಷರವೇ ಇಲ್ಲ, ಬರೀ ಚಿತ್ರ. ಕನ್ನಡದಲ್ಲಿ ಹಳೇ ಆಸ್ಕಿ ಫಾಂಟ್ ಬಳಸಿ ಟೈಪ್ ಮಾಡಿದ್ದರೆ ನಮ್ಮ ಕಣ್ಣಿಗೆ ಕನ್ನಡ ಕಾಣುತ್ತದೆ. ಒಳಗೆ ಇರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಯೂನಿಕೋಡ್ ಆದರೆ ಮಾತ್ರ ಓದಲು ಆಗುತ್ತದೆ.

ಇನ್ನು ಅಂಕ. ಬಹಳಷ್ಟು ಸಾಫ್ಟ್‌ವೇರ್ ನಿಮ್ಮ ಜಾಹೀರಾತಿನ ಪದಗಳನ್ನೂ ರೆಸ್ಯೂಮೆಯ ಪದಗಳನ್ನೂ ತಾಳೆ ನೋಡಿ ಅಂಕ ಕೊಡುತ್ತವೆ. ಜಾಹೀರಾತಿನಲ್ಲಿ ಏನು ಬರೆದಿದ್ದಿರಿ?

ಮುಖ್ಯವಾದದ್ದು ಇದು. ಎರಡು ನಿಮಿಷದಲ್ಲಿ ರಿಜೆಕ್ಟ್ ಆಯಿತು ಅಂದರೆ ಅದು ಹೆಚ್ಚಾಗಿ ಅಂಕದಿಂದ ಅಲ್ಲ. ಅರ್ಜಿಯಲ್ಲಿ ಹೌದು/ಇಲ್ಲ ಪ್ರಶ್ನೆಗಳು ಇರುತ್ತವಲ್ಲ, ಅವನ್ನು ನಾಕೌಟ್ ಪ್ರಶ್ನೆ ಅನ್ನುತ್ತೇವೆ. "ಇಲ್ಲ" ಅಂದ ತಕ್ಷಣ ಹೊರಗೆ. ಆ ಪ್ರಶ್ನೆ ಹಾಕಿದ್ದು ಸಾಫ್ಟ್‌ವೇರ್ ಅಲ್ಲ, ಯಾರೋ ಒಬ್ಬ ಮನುಷ್ಯ. ಸೆಟ್ಟಿಂಗ್ಸ್‌ನಲ್ಲಿ ನೋಡಿ. ಜರಡಿಯ ಕಣ್ಣು ಎಷ್ಟು ದೊಡ್ಡದು ಅಂತ ನೋಡದೆ ರಾಗಿಯನ್ನು ಬೈಯುವುದು ಸರಿಯಲ್ಲ.

ಯಲಹಂಕ ಉದ್ಯಮಿ · 1:15

ಇಷ್ಟೆಲ್ಲ ಮಾಡಿದ ಮೇಲೂ ಆಫರ್ ಲೆಟರ್ ತಗೊಂಡು ಬರುವುದೇ ಇಲ್ಲ, ಅದಕ್ಕೇನು ಮಾಡ್ತೀರಿ? ನಮ್ಮದು ಸಾಫ್ಟ್‌ವೇರ್ ಕಂಪನಿ. 90 ದಿನ ನೋಟಿಸ್ ಪೀರಿಯಡ್. ಆ ಮೂರು ತಿಂಗಳಲ್ಲಿ ನಮ್ಮ ಆಫರ್ ತೋರಿಸಿ ಇನ್ನೆರಡು ಆಫರ್ ತಗೊಳ್ತಾರೆ. ಸೇರುವ ದಿನ ಫೋನ್ ಸ್ವಿಚ್ ಆಫ್.

ಬನಶಂಕರಿ ಬಸ್ ಸ್ಟಾಪ್ · 1:22

90 ದಿನ ಅಂತ ಬರೆದದ್ದು ಯಾರು? ಕಂಪನಿಗಳೇ ಅಲ್ವಾ? 30 ದಿನ ಮಾಡಿ, ಈ ಕಾಟ ಅರ್ಧ ಕಡಿಮೆಯಾಗುತ್ತದೆ. ಕೆಲಸದಿಂದ ತೆಗೆಯುವಾಗ ಮಾತ್ರ ಅದೇ ದಿನ ಲ್ಯಾಪ್‌ಟಾಪ್ ಇಸ್ಕೊಳ್ತಾರೆ.

ಪೀಣ್ಯ ಎಚ್‌ಆರ್ · ಸಂಜೆ 5:48

ಪಾರ್ಸರ್ ಬರೆದವರೇ, ನೀವು ಹೇಳಿದ ಹಾಗೆ ಸೆಟ್ಟಿಂಗ್ಸ್ ತೆಗೆದು ನೋಡಿದೆ. ಕೈ ನಡುಗಿತು.

ಪ್ರಶ್ನೆ 1: ಡಿಪ್ಲೊಮಾ ಅಥವಾ ಡಿಗ್ರಿ ಇದೆಯೇ? ಇಲ್ಲ ಅಂದರೆ ನೇರ ರಿಜೆಕ್ಟ್. ಐಟಿಐ ಹುಡುಗರು ಪ್ರಾಮಾಣಿಕವಾಗಿ "ಇಲ್ಲ" ಅಂದಿದ್ದಾರೆ. ಇದೊಂದರಲ್ಲೇ 143 ಜನ ಹೋಗಿದ್ದಾರೆ. ನಮ್ಮ ಶಾಪ್ ಫ್ಲೋರಿನಲ್ಲಿ ಈಗ ಇರುವ ಆಪರೇಟರ್‌ಗಳಲ್ಲಿ ಮುಕ್ಕಾಲು ಪಾಲು ಐಟಿಐನವರೇ! ಈ ಪ್ರಶ್ನೆಯನ್ನು ನಾನು ಹಾಕಿದ ನೆನಪೂ ಇಲ್ಲ. ಇಂಜಿನಿಯರ್ ಹುದ್ದೆಗೆ ಮಾಡಿದ್ದ ಫಾರಂ ಕಾಪಿ ಮಾಡಿದ್ದೆ, ಅದರಲ್ಲೇ ಬಂದುಬಿಟ್ಟಿದೆ.

ಜಾಹೀರಾತಿನ ಬರಹವೂ ಅಷ್ಟೇ. "ಎಕ್ಸಲೆಂಟ್ ಕಮ್ಯುನಿಕೇಷನ್", "ಟೀಂ ಪ್ಲೇಯರ್" ಅಂತೆಲ್ಲ ಇದೆ. ಆ ಪದ ಇರುವ ರೆಸ್ಯೂಮೆಗೆ ಅಂಕ ಜಾಸ್ತಿ ಬಂದಿದೆ. ಟೂಲ್ ಉದ್ದ ಸರಿಹೊಂದಿಸುವ ಜಿ43 ಕೋಡ್ ಗೊತ್ತಿರುವವನು ಕೆಳಗೆ, ಟೀಂ ಪ್ಲೇಯರ್ ಅಂತ ಬರೆದವನು ಮೇಲೆ.

ಇನ್ನೊಂದು. ಒಂದೇ ಇಮೇಲ್ ಐಡಿಯಲ್ಲಿ 11 ಜನ ಇದ್ದಾರೆ. ಸಾಫ್ಟ್‌ವೇರ್ ಅವರನ್ನೆಲ್ಲ ಒಬ್ಬನೇ ಅಂತ ತಿಳಿದು ಒಂದರ ಮೇಲೊಂದು ಸೇರಿಸಿಬಿಟ್ಟಿದೆ. ಇದು ಹೇಗಾಯಿತು ಅಂತಲೇ ಅರ್ಥವಾಗುತ್ತಿಲ್ಲ.

ತುಮಕೂರು ಎಕ್ಸ್‌ಪ್ರೆಸ್ · 6:02

ಅದು ಸೈಬರ್ ಸೆಂಟರ್ ಮೇಡಂ. ಊರಿನಲ್ಲಿ ರೆಸ್ಯೂಮೆ ಮಾಡಿಕೊಡುವವರು 50 ರೂಪಾಯಿ ತಗೊಂಡು ಅರ್ಜಿಯನ್ನೂ ಅವರೇ ಹಾಕುತ್ತಾರೆ. ಹುಡುಗರಿಗೆ ಇಮೇಲ್ ಇರಲ್ಲ, ಇದ್ದರೂ ಪಾಸ್‌ವರ್ಡ್ ಮರೆತಿರುತ್ತಾರೆ. ಅದಕ್ಕೆ ಸೆಂಟರಿನ ಇಮೇಲನ್ನೇ ಹಾಕಿಬಿಡುತ್ತಾರೆ. ನೀವು ಕರೆದರೂ ಆ ಮೇಲ್ ಹುಡುಗನಿಗೆ ತಲುಪಲ್ಲ. ಫೋನ್ ನಂಬರ್ ಬೇರೆ ಬೇರೆ ಇರುತ್ತದೆ, ಅದನ್ನು ಹಿಡಿಯಿರಿ.

ಪಾರ್ಸರ್ ಬರೆದವ · 6:10

ಇದು ನನಗೂ ಹೊಸ ವಿಷಯ. ಡೂಪ್ಲಿಕೇಟ್ ಹಿಡಿಯಲು ಇಮೇಲೇ ಸಾಕು ಅಂದುಕೊಂಡು ಕೋಡ್ ಬರೆದವನು ನಾನು. ಮೇಡಂ, ಡೂಪ್ಲಿಕೇಟ್ ರೂಲನ್ನು ಇಮೇಲಿನಿಂದ ಮೊಬೈಲ್ ನಂಬರಿಗೆ ಬದಲಾಯಿಸಿ. ಸೇರಿಹೋದವರ ಹಳೇ ಫೈಲುಗಳು ಅಟ್ಯಾಚ್‌ಮೆಂಟ್‌ನಲ್ಲಿ ಇರುತ್ತವೆ, ಕಳೆದುಹೋಗಿರುವುದಿಲ್ಲ.

ಕೆಂಗೇರಿ ಉಪನಗರ · 7:30

ನನ್ನದೂ ಒಂದು ಹೇಳಿಕೊಳ್ಳಬೇಕು. ಏಳು ವರ್ಷ ಕ್ವಾಲಿಟಿಯಲ್ಲಿ ಇದ್ದೆ. ಸಿಎಂಎಂ (ಪೀಸಿನ ಅಳತೆ ತೆಗೆಯುವ ಮೆಷಿನ್) ಮೇಲೆ ನಾಲ್ಕು ವರ್ಷ. ಮಗು ಆದ ಮೇಲೆ ಮೂರು ವರ್ಷ ಬಿಟ್ಟೆ. ಈಗ ಎಲ್ಲಿ ಅರ್ಜಿ ಹಾಕಿದರೂ "ಕಳೆದ ಆರು ತಿಂಗಳಲ್ಲಿ ಕೆಲಸದಲ್ಲಿದ್ದೀರಾ?" ಅನ್ನುವ ಪ್ರಶ್ನೆ. ಇಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಡ್ರಾಯಿಂಗ್ ಓದುವುದನ್ನು ಮೂರು ವರ್ಷದಲ್ಲಿ ಯಾರಾದರೂ ಮರೆಯುತ್ತಾರಾ? ಆಕಾರ, ಅಳತೆಯ ಮಿತಿ ತೋರಿಸುವ ಜಿಡಿ ಆಂಡ್ ಟಿ ಸಿಂಬಲ್‌ಗಳು ನನಗೆ ಈಗಲೂ ನಿದ್ದೆಯಲ್ಲಿ ಕೇಳಿದರೂ ಬರುತ್ತವೆ.

ಪೀಣ್ಯ ಎಚ್‌ಆರ್ · 7:34

ಸಿಎಂಎಂ ನಾಲ್ಕು ವರ್ಷ? ದಯವಿಟ್ಟು ಈಗಲೇ ನನಗೆ ಸಂದೇಶ ಕಳಿಸಿ. ಆ ಪ್ರಶ್ನೆ ನಮ್ಮ ಫಾರಂನಲ್ಲೂ ಇತ್ತು. ಇವತ್ತು ತೆಗೆದೆ.

ಓದುಗ ಬಸವೇಶ್ವರನಗರ · ರಾತ್ರಿ 9:05

ಅಂಕ ಹಾಕುವ ಯಂತ್ರ ನಮ್ಮ ಹಳೇ ಅಭ್ಯಾಸವನ್ನೇ ಕಲಿಯುತ್ತದೆ ಅನ್ನುವುದಕ್ಕೆ ಅಮೆಜಾನಿನ ಉದಾಹರಣೆ ಇದೆ. 2014ರಿಂದ ಅವರು ರೆಸ್ಯೂಮೆಗೆ ಒಂದರಿಂದ ಐದು ಸ್ಟಾರ್ ಕೊಡುವ ಸಾಧನ ಕಟ್ಟುತ್ತಿದ್ದರು. ಹತ್ತು ವರ್ಷದ ಹಳೇ ರೆಸ್ಯೂಮೆಗಳನ್ನು ಕೊಟ್ಟು ಕಲಿಸಿದ್ದರು, ಅವುಗಳಲ್ಲಿ ಹೆಚ್ಚಿನವು ಗಂಡಸರದು. "ಮಹಿಳೆಯರ" ಅನ್ನುವ ಪದ ಬಂದರೆ, ಉದಾಹರಣೆಗೆ ಮಹಿಳೆಯರ ಚೆಸ್ ಕ್ಲಬ್ ಅಂತ ಇದ್ದರೆ, ಅದು ಅಂಕ ಇಳಿಸುತ್ತಿತ್ತು. ಕೊನೆಗೆ ಆ ಸಾಧನವನ್ನೇ ಕೈಬಿಟ್ಟರು. 2018ರ ಅಕ್ಟೋಬರಿನಲ್ಲಿ ರಾಯಿಟರ್ಸ್ ಇದನ್ನು ಬರೆಯಿತು. ಕೆಂಗೇರಿಯ ಅಕ್ಕ ಹೇಳಿದ್ದು ಅದಕ್ಕಿಂತ ಬೇರೆಯಲ್ಲ.

ವಿಜಯನಗರ ಕನ್ನಡಿಗ · 9:40

ಫಾರಂನಲ್ಲಿ "ಕನ್ನಡ ಬರುತ್ತದೆಯೇ" ಅನ್ನುವ ನಾಕೌಟ್ ಪ್ರಶ್ನೆ ಹಾಕಿ. ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಕೇಳಿದ ಸರೋಜಿನಿ ಮಹಿಷಿ ವರದಿ 80ರ ದಶಕದ್ದು. 2024ರ ಜುಲೈನಲ್ಲಿ ಸ್ಥಳೀಯರಿಗೆ ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ 50, ಉಳಿದದ್ದರಲ್ಲಿ 70 ಪರ್ಸೆಂಟ್ ಅಂತ ಮಸೂದೆಗೆ ಸಂಪುಟ ಒಪ್ಪಿತು, ಒಂದೆರಡು ದಿನದಲ್ಲೇ ತಡೆ ಹಿಡಿದರು. ಸರ್ಕಾರ ಮಾಡದಿದ್ದರೆ ಕಂಪನಿಗಳಾದರೂ ಮಾಡಲಿ.

ಬನಶಂಕರಿ ಬಸ್ ಸ್ಟಾಪ್ · 9:52

ಅಣ್ಣಾ, ಇಷ್ಟು ಹೊತ್ತು ನಾಕೌಟ್ ಪ್ರಶ್ನೆಯಿಂದ ಆದ ಅನ್ಯಾಯವನ್ನೇ ಮಾತಾಡಿದ್ದೇವೆ. ಈಗ ಇನ್ನೊಂದು ಹಾಕಿ ಅಂದರೆ ಹೇಗೆ?

ವಿಜಯನಗರ ಕನ್ನಡಿಗ · 9:58

"ಇಂಗ್ಲಿಷ್ ಬರುತ್ತದೆಯೇ" ಅಂತ ಕೇಳಿದಾಗ ಯಾರೂ ಅನ್ಯಾಯ ಅನ್ನಲಿಲ್ಲ. ಲೇತ್ ಓಡಿಸಲು ಇಂಗ್ಲಿಷ್ ಯಾಕೆ ಬೇಕು?

ತುಮಕೂರು ಎಕ್ಸ್‌ಪ್ರೆಸ್ · 10:06

ನನಗೆ ಪ್ರಶ್ನೆ ಬೇಡ, ಫಾರಂ ಕನ್ನಡದಲ್ಲಿ ಇರಲಿ ಸಾಕು. "ಡು ಯು ಹ್ಯಾವ್ ಎಕ್ಸ್‌ಪೋಷರ್ ಟು" ಅಂತ ಕೇಳಿದರೆ ಎಕ್ಸ್‌ಪೋಷರ್ ಅಂದರೆ ಏನು ಅಂತ ಗೂಗಲ್ ಮಾಡಬೇಕಾಯಿತು. "ಈ ಮೆಷಿನ್ ಮೇಲೆ ಕೆಲಸ ಮಾಡಿದ್ದೀರಾ" ಅಂತ ಕೇಳಿ. ಮಾಡಿದ್ದೇನೆ ಅಂತ ಹೇಳುತ್ತೇನೆ.

ವಿಜಯನಗರ ಕನ್ನಡಿಗ · 10:11

ಇದು ನನ್ನ ಸಲಹೆಗಿಂತ ಚೆನ್ನಾಗಿದೆ. ಒಪ್ಪಿದೆ.

ಕಾನೂನು ವಿದ್ಯಾರ್ಥಿ · ಮಂಗಳವಾರ, ಬೆಳಗ್ಗೆ 8:15

ಅರ್ಜಿಯಲ್ಲೇ ಆಧಾರ್ ಕಾಪಿ ಕೇಳುತ್ತಿದ್ದರೆ ನಿಲ್ಲಿಸಿ. ಕೆಲಸಕ್ಕೆ ತೆಗೆದುಕೊಂಡ ಮೇಲೆ ಕೇಳಿದರೆ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. 387 ಜನರ ಆಧಾರ್ ಸುಮ್ನೆ ಯಾಕೆ ಇಟ್ಟುಕೊಳ್ಳಬೇಕು?

ಟೂಲ್‌ರೂಂ ಮೇಷ್ಟ್ರು · 8:50

ರಾತ್ರಿ ಎಲ್ಲ ಮತ್ತೆ ಓದಿದೆ. ತುಮಕೂರಿನ ಹುಡುಗನ ಮಾತು ಮನಸ್ಸಿಗೆ ತಾಗಿತು. ಪರಿಚಯ ಇಲ್ಲದವನಿಗೆ ಬಾಗಿಲು ಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಬಾಗಿಲು ದಾಟಿದ ಮೇಲೆ ಅಂಕ ನೋಡಬೇಡಿ, ಕೈ ನೋಡಿ. ಒಂದು ಡ್ರಾಯಿಂಗ್ ಕೊಡಿ, ಪ್ಲಸ್ ಮೈನಸ್ 0.02 ಮಿ.ಮೀ. ಟಾಲರೆನ್ಸ್ (ಅಳತೆಯಲ್ಲಿ ಬಿಡುವ ವ್ಯತ್ಯಾಸ) ಇರಲಿ. ಯಾವ ಮುಖವನ್ನು ಮೊದಲು ಹೊಡೆಯುತ್ತೀಯ, ಯಾಕೆ ಅಂತ ಕೇಳಿ. ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನೊಂದು. ನಿಮ್ಮಲ್ಲಿ 140 ಜನ ಇದ್ದೀರಿ. 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ, ಒಟ್ಟು ಬಲದ 2.5ರಿಂದ 15 ಪರ್ಸೆಂಟ್. ತೆಗೆದುಕೊಂಡಿದ್ದೀರಾ? ಇವತ್ತು ಅಪ್ರೆಂಟಿಸ್ ಬೆಳೆಸಿದರೆ ಎರಡು ವರ್ಷದ ಮೇಲೆ ಆಪರೇಟರ್ ಹುಡುಕುವ ಕಷ್ಟವೇ ಇರಲ್ಲ.

ಪೀಣ್ಯ ಎಚ್‌ಆರ್ · 9:20

ಇಬ್ಬರನ್ನು ತೆಗೆದುಕೊಂಡಿದ್ದೇವೆ ಮೇಷ್ಟ್ರೇ. ಸಾಲದು. ಲೆಕ್ಕ ಹಾಕಿದರೆ ಕನಿಷ್ಠ ನಾಲ್ಕು ಬೇಕು. ಮ್ಯಾನೇಜರ್ ಹತ್ತಿರ ಇವತ್ತೇ ಮಾತಾಡುತ್ತೇನೆ.

ಪೀಣ್ಯ ಎಚ್‌ಆರ್ · ಎರಡು ವಾರದ ನಂತರ, ಗುರುವಾರ ಸಂಜೆ 6:40

ಏನಾಯಿತು ಅಂತ ಹೇಳಲು ಬಂದೆ.

ಆ 143 ಜನಕ್ಕೂ ನಾನು ಮತ್ತು ಹಾಜರಾತಿ ಹುಡುಗ ಸೇರಿ ಫೋನ್ ಮಾಡಿದೆವು. ನಾಲ್ಕು ದಿನ ಹಿಡಿಯಿತು. ಮೊದಲ ಮಾತೇ "ನಿಮ್ಮನ್ನು ತಪ್ಪಾಗಿ ರಿಜೆಕ್ಟ್ ಮಾಡಿದ್ದೆವು" ಅಂತ ಹೇಳಿದೆ. ಕೆಲವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಅರ್ಧಕ್ಕಿಂತ ಜಾಸ್ತಿ ಜನ ಬೇರೆ ಕಡೆ ಸೇರಿಬಿಟ್ಟಿದ್ದಾರೆ. 31 ಜನ ಬಂದರು. ದಾಸರಹಳ್ಳಿ, ನೆಲಮಂಗಲ, ಒಬ್ಬ ದೂರದ ಕುಣಿಗಲ್‌ನಿಂದ. ಈಗ ಮೆಟ್ರೋ ಮಾದಾವರದವರೆಗೆ ಇರುವುದರಿಂದ ನೆಲಮಂಗಲ ಕಡೆಯವರಿಗೆ ಅನುಕೂಲ ಆಗಿದೆ.

ಮೇಷ್ಟ್ರು ಹೇಳಿದ ಹಾಗೆ ಡ್ರಾಯಿಂಗ್ ಕೊಟ್ಟು, ಮೆಷಿನ್ ಮುಂದೆ ನಿಲ್ಲಿಸಿ ನೋಡಿದೆವು. ನಾಲ್ವರನ್ನು ತೆಗೆದುಕೊಂಡೆವು. ಕ್ಯಾಂಟೀನ್ ಅಕ್ಕನ ಹುಡುಗ ಸೇರಿ ಐದಾಯಿತು. ಕ್ವಾಲಿಟಿಗೆ ಕೆಂಗೇರಿಯವರು ಸೋಮವಾರ ಸೇರಿದ್ದಾರೆ. ಬೆಳಗ್ಗೆ ಒಂಬತ್ತಕ್ಕೆ ಬದಲು ಒಂಬತ್ತೂವರೆಗೆ ಬರುತ್ತೇನೆ ಅಂತ ಮಾತ್ರ ಕೇಳಿದರು, ಮಗುವಿನ ಸ್ಕೂಲ್ ವ್ಯಾನ್ ಇದೆ ಅಂತ.

ಸಾಫ್ಟ್‌ವೇರ್ ಬಿಟ್ಟಿಲ್ಲ. ಯಾರು ಅರ್ಜಿ ಹಾಕಿದರು, ಯಾರಿಗೆ ಏನು ಹೇಳಿದೆವು ಅನ್ನುವ ಲೆಕ್ಕಕ್ಕೆ ಅದು ಬೇಕೇ ಬೇಕು. ಆದರೆ ತಾನಾಗಿ ರಿಜೆಕ್ಟ್ ಮಾಡುವುದನ್ನು ಆಫ್ ಮಾಡಿದ್ದೇನೆ. ಫಾರಂ ಕನ್ನಡದಲ್ಲಿದೆ, ಸರ್‌ನೇಮ್ ಕಡ್ಡಾಯ ಇಲ್ಲ, ಪ್ರಶ್ನೆ ಆರೇ ಆರು.

ಇನ್ನೊಂದು ವಿಎಂಸಿ ಜಾಗ ಖಾಲಿ ಇದೆ. ತುಮಕೂರು ಎಕ್ಸ್‌ಪ್ರೆಸ್ ಅವರೇ, ಶನಿವಾರ ಬೆಳಗ್ಗೆ ಎಂಟೂವರೆಗೆ ಬರಲು ಆಗುತ್ತದೆಯೇ? ವಿಳಾಸ ಸಂದೇಶದಲ್ಲಿ ಕಳಿಸಿದ್ದೇನೆ. ಐಟಿಐ ಮಾರ್ಕ್ಸ್ ಕಾರ್ಡ್ ತನ್ನಿ, ಅದರಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆದುಕೊಳ್ಳುತ್ತೇವೆ. ಮೆಷಿನ್ ಹತ್ತಿರ ಹೋಗಲು ಸೇಫ್ಟಿ ಶೂ ಬೇಕು, ಇಲ್ಲಿಂದಲೇ ಕೊಡುತ್ತೇವೆ. ಸೈಜ್ ಹೇಳಿ.

ತುಮಕೂರು ಎಕ್ಸ್‌ಪ್ರೆಸ್ · 6:43

8 ಮೇಡಂ. ಆರು ಗಂಟೆ ಬಸ್ಸಿಗೇ ಹೊರಡುತ್ತೇನೆ.